ನ್ಯೂಟ್ರಾನ್ ನಕ್ಷತ್ರಕ್ಕೆ ಸಂಬಂಧ ಕುದುರಿಸಿದವರು

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ವಿಭಾಗದ ಮುಖ್ಯಸ್ಥರು. "ನಿನ್ನ ಗೈಡು, ನಿನ್ನ ಕೋ-ಗೈಡು ಇಬ್ರೂ ಒಂದೇ ರೂಮಲ್ಲಿ ಕೂತು ಒಂದು ಮಾತಿಗೆ ಒಪ್ಪಿಬಿಟ್ರೆ ನಾನು ಮೀಸೆ ಬೋಳಿಸ್ಕೋತೀನಮ್ಮ" ಎಂದರು. ಅವರಿಗೆ ಮೀಸೆ ಇರಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ನನಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು. ಎರಡನೆಯವರು ಸ್ವತಃ ನನ್ನ ಪಿಎಚ್.ಡಿ. ಗೈಡು. ಮೂರನೆಯವರು ಕೋ-ಗೈಡು. ಬೇರೆ ಬೇರೆ ದಿನ, ಬೇರೆ ಬೇರೆ ಕೋಣೆಯಲ್ಲಿ ಇಬ್ಬರೂ ಒಂದೇ ಮಾತು ಹೇಳಿದರು: "ಆ ಮನುಷ್ಯನ ಜೊತೆ ಆಗಲ್ಲ." ಅಲ್ಲಿಯತನಕ ನಾನು ಕಂಡಂತೆ ಅವರು ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಆಗುತ್ತದೆ ಎಂದವರು ಒಬ್ಬರೇ. ಮಧುಗಿರಿಯ ಡಿಗ್ರಿ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು. ಕಳೆದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭಕ್ಕೆ ನಾನೂ ಹೋಗಿದ್ದೆ. ಒಬ್ಬರು ಅವರನ್ನು ಮಹಾನ್ ವಿಜ್ಞಾನಿ ಎಂದರು, ಇನ್ನೊಬ್ಬರು ಗಣಿತದ ಸಾಗರ ಎಂದರು, ಆಕಾಶವನ್ನು ಅಂಗೈಯಲ್ಲಿ ತೋರಿಸಿದವರು ಎಂದು ಪ್ರಿನ್ಸಿಪಾಲರು ಗದ್ಗದಿತರಾದರು. ಮೇಷ್ಟ್ರು ಕಣ್ಣು ಅರ್ಧ ಮುಚ್ಚಿ, ಹೋಳಿಗೆಗೆ ತುಪ್ಪ ಬೀಳುವುದನ್ನು ನೋಡುವವರ ಹಾಗೆ ಎಲ್ಲವನ್ನೂ ಸವಿದರು. ಒಂದು ಸುಳ್ಳನ್ನೂ ತಿದ್ದಲಿಲ್ಲ. ಅವರು ತಿದ್ದದೆ ಬಿಟ್ಟದ್ದರಿಂದ ನಾನು ಬರೆಯಬೇಕಾಗಿದೆ.

ಮೊದಲನೆಯದು, ಅವರಿಗೆ ಗಣಿತ ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಾ ಬರೆಯುತ್ತಾ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಚಾಕ್‌ಪೀಸು ಕೆಳಗಿಟ್ಟು, "ಇಲ್ಲಿಂದ ಮುಂದಕ್ಕೆ ಪುಸ್ತಕದಲ್ಲೈತೆ, ನಾನು ಬರೆದ್ರೆ ಪುಸ್ತಕಕ್ಕೆ ಅವಮಾನ" ಎನ್ನುತ್ತಿದ್ದರು. ಎರಡನೆಯದು, ಅವರು ಆಕಾಶ ನೋಡಿದವರೂ ಅಲ್ಲ. ಕಾಲೇಜಿಗೆ ಒಂದು ದೂರದರ್ಶಕ ಬಂದಿತ್ತು. ಮೇಷ್ಟ್ರು ಅದನ್ನು ತಾರಸಿ ಮೇಲೆ ಹಗಲು ಹೊತ್ತಿನಲ್ಲೇ ನಿಲ್ಲಿಸಿ, ಬೆಟ್ಟದ ಕಡೆ ತಿರುಗಿಸಿ, ಕ್ಲಾಸು ತಪ್ಪಿಸಿ ಕೋಟೆ ಹತ್ತುತ್ತಿದ್ದ ನಮ್ಮ ಬ್ಯಾಚಿನ ಹುಡುಗರನ್ನು ಕಂಡುಹಿಡಿದರು. ಆ ಉಪಕರಣದಿಂದ ನಮ್ಮ ಕಾಲೇಜು ಮಾಡಿದ ಏಕೈಕ ಆವಿಷ್ಕಾರ ಅದು. ಮೂರನೆಯದು, ಹೆಸರಿನ ಹಿಂದೆ 'ಡಾ.' ಹಾಕಿದ ಆಹ್ವಾನ ಪತ್ರಿಕೆ ಬಂದರೆ ಅವರು ವಾಪಸು ಕಳಿಸುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದರಂತೆ. ಅವಧಿ ಮುಗಿದು ರದ್ದಾಯಿತಂತೆ. ಯಾಕೆ ಎಂದು ಕೇಳಿದರೆ ಕೆಮ್ಮುತ್ತಿದ್ದರು.

ಹಾಗಾದರೆ ಅವರಿಗೆ ಬರುತ್ತಿದ್ದದ್ದೇನು? ಮದುವೆ ಮಾಡಿಸುವುದು.

ಕೊರಟಗೆರೆಯಿಂದ ಶಿರಾದವರೆಗೆ ಅವರನ್ನು ಭೌತಶಾಸ್ತ್ರದ ಮೇಷ್ಟ್ರು ಎಂದು ಬಲ್ಲವರಿಗಿಂತ ಸಂಬಂಧ ಕುದುರಿಸುವ ಮೇಷ್ಟ್ರು ಎಂದು ಬಲ್ಲವರೇ ಹೆಚ್ಚು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಅವರಿಗೆ ಆಗುತ್ತಿರಲಿಲ್ಲ. ಅವರದು ಬೇರೆಯೇ ರೀತಿ: ಐಬು ಮೊದಲು. ನಾವು ಬಿ.ಎಸ್ಸಿ. ಓದುವಾಗ ವಿಜ್ಞಾನ ಪ್ರವಾಸವೆಂದು ಬಸ್ಸು ಹೊರಡಿಸಿ, ಗೌಡಗೆರೆಯ ಒಂದು ಮನೆಯ ಮುಂದೆ ನಿಲ್ಲಿಸಿದರು. ಒಳಗೆ ಎರಡೂ ಕಡೆಯವರು ಚಾಪೆಯ ಮೇಲೆ ಬಿಗಿದುಕೊಂಡು ಕೂತಿದ್ದರು. ಬುಟ್ಟಿಯಲ್ಲಿ ಹುರಿದ ಕಡಲೆಕಾಯಿ ಇತ್ತು, ಯಾರೂ ಮುಟ್ಟಿರಲಿಲ್ಲ. ನಾವು ಬಾಗಿಲಲ್ಲಿ ಇಣುಕುತ್ತಿದ್ದೆವು.

ಮೇಷ್ಟ್ರು ನೀರು ಕುಡಿದು ಶುರು ಮಾಡಿದರು. "ಹುಡುಗ ಗೊರಕೆ ಹೊಡೀತಾನೆ. ಸಣ್ಣ ಗೊರಕೆ ಅಲ್ಲ, ಪಕ್ಕದ್ಮನೆ ಹಸ ಬೆದರ್ತದೆ."

ಹುಡುಗನ ಅಪ್ಪ ಎದ್ದೇ ನಿಂತರು. "ಏನ್ ಮೇಷ್ಟ್ರೇ, ಹಿಂಗಂದ್ಬುಟ್ರಿ!"

"ಕೂತ್ಕಳಪ್ಪ. ಇನ್ನು ಹುಡುಗಿ. ಸಾರಿಗೆ ಉಪ್ಪಾಕದು ಮರೀತಾಳೆ. ನೆನಪಾದ್ರೆ ಎರಡು ಸಲ ಹಾಕ್ತಾಳೆ. ಕ್ವಾಪ ಮೂಗಿನ್ ತುದೀಲೈತೆ."

ಆಮೇಲೆ ಒಳಗಿನಿಂದ ಹುಡುಗಿಯೇ ಕಿಸಕ್ಕನೆ ನಕ್ಕಳು. "ಕೆಟ್ಟದ್ದೆಲ್ಲ ನಾನೇ ಹೇಳ್ಬುಟ್ಟೆ" ಎಂದು ಮೇಷ್ಟ್ರು ಕಡಲೆಕಾಯಿ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡರು. "ಇನ್ನು ಒಳ್ಳೇದೇನೈತೆ ಅಂತ ನೀವ್ ನೀವೇ ಹುಡುಕ್ಕಳಿ." ಆ ಮದುವೆ ಆಯಿತು. ಅವಳು ಗೊರಕೆ ಕೇಳಿಕೊಂಡು, ಅವನು ಉಪ್ಪಿಲ್ಲದ ಸಾರು ಉಂಡುಕೊಂಡು ಈಗಲೂ ಚೆನ್ನಾಗಿದ್ದಾರೆ. ನಮ್ಮ ವಿಜ್ಞಾನ ಪ್ರವಾಸ ಅಲ್ಲಿಗೇ ಮುಗಿದು, ಬಸ್ಸು ವಾಪಸಾಯಿತು.

ಈಗ ನನ್ನ ಕಷ್ಟ ಹೇಳುತ್ತೇನೆ. ನಮ್ಮದು ಪಾವಗಡ ತಾಲ್ಲೂಕು, ಕ್ಯಾತಗಾನಚೆರ್ಲಿನ ಆಚೆಗೆ, ಕನ್ನಡದೊಳಗೆ ತೆಲುಗು ಬೆರೆಸಿ ಮಾತಾಡುವ ಸೀಮೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಡಿಗ್ರಿ ಮಾಡಿದವರು ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ನಾನು ಸಂಶೋಧನೆಗೆ ಸೇರಿದ್ದು ನ್ಯೂಟ್ರಾನ್ ನಕ್ಷತ್ರದ ಮೇಲೆ. ದೊಡ್ಡ ನಕ್ಷತ್ರವೊಂದು ಉರಿದು ಮುಗಿದು, ತನ್ನ ಭಾರಕ್ಕೆ ತಾನೇ ಕುಸಿದ ಮೇಲೆ ಉಳಿಯುವ ಗಟ್ಟಿ ಉಂಡೆ ಅದು. ತೂಕ ಸೂರ್ಯನಿಗಿಂತ ಜಾಸ್ತಿ. ಅಗಲ ಮಧುಗಿರಿಯಿಂದ ಕೊರಟಗೆರೆಗೆ ಇರುವಷ್ಟು. ಈ ಅಳತೆ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ್ದು. ಇಡೀ ಸೂರ್ಯನನ್ನು ಆ ರಸ್ತೆಯೊಳಗೆ ತುರುಕುವುದನ್ನು ಊಹಿಸಿಕೊಂಡೇ ನಾನು ಈ ಶಾಸ್ತ್ರಕ್ಕೆ ಬಿದ್ದೆ.

ನನ್ನ ಗೈಡು ಸಿದ್ಧಾಂತದವರು. ಎಂದರೆ ನಕ್ಷತ್ರವನ್ನು ನೋಡದೆಯೇ ಅದರ ಬಗ್ಗೆ ಖಚಿತವಾಗಿ ಹೇಳುವವರು. ಕೋ-ಗೈಡು ವೀಕ್ಷಣೆಯವರು. ಎಂದರೆ ನೋಡುವವರು, ಆದರೆ ಕಂಡದ್ದೇನೆಂದು ಕೇಳಿದರೆ ಇನ್ನೂ ಒಂದು ಸಲ ನೋಡಬೇಕು ಎನ್ನುವವರು. ಗೈಡಿನ ಲೆಕ್ಕದಲ್ಲಿ ನಮ್ಮ ನಕ್ಷತ್ರ ಮಧುಗಿರಿಯಲ್ಲಿ ಶುರುವಾಗಿ ಕೊರಟಗೆರೆ ಬಸ್‌ಸ್ಟ್ಯಾಂಡಿಗೆ ಮೊದಲೇ ಮುಗಿಯುತ್ತದೆ. ಕೋ-ಗೈಡಿಗೆ ಉಪಗ್ರಹದಿಂದ ಬಂದ ಎಕ್ಸ್-ರೇ ದತ್ತಾಂಶದಲ್ಲಿ ಅದು ಕೊರಟಗೆರೆ ದಾಟಿ ಮುಂದಿನ ಹಳ್ಳಿಗಳನ್ನೂ ನುಂಗುತ್ತದೆ. ವ್ಯತ್ಯಾಸ ಕೆಲವೇ ಮೈಲಿ. ಅಷ್ಟಕ್ಕೆ ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದರು. "ಅವರು ಕ್ಯಾಮೆರಾ ಆಪರೇಟರ್" ಎಂದು ಇವರು, "ಇವರು ಕಾದಂಬರಿಕಾರ" ಎಂದು ಅವರು. ನನ್ನ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಈ ಎರಡು ಅಳತೆ ಯಾಕೆ ಹೊಂದುವುದಿಲ್ಲ ಎಂದು ಹೇಳಬೇಕಿತ್ತು. ಅದಕ್ಕೆ ಇಬ್ಬರೂ ಸಹಿ ಹಾಕಬೇಕಿತ್ತು. ಗೈಡಿಗೆ ಬೇಕಾದ ಹಾಗೆ ಬರೆದರೆ ಕೋ-ಗೈಡು ಕೆಂಪು ಗೀಟು ಎಳೆಯುವರು. ಅವರಿಗೆ ಬೇಕಾದಂತೆ ಬರೆದರೆ ಇವರು ಪುಟವನ್ನೇ ಕಿತ್ತು ಕೊಡುವರು. ಆ ವರ್ಷ ದಾಟಿದರೆ ನನ್ನ ನೋಂದಣಿ ರದ್ದು, ಮತ್ತೆ ವಿಸ್ತರಣೆ ಇಲ್ಲ ಎಂದು ವಿಶ್ವವಿದ್ಯಾನಿಲಯ ಹೇಳಿಯಾಗಿತ್ತು.

ಊರಿನಲ್ಲಿ ಅಜ್ಜಿ ಇದನ್ನೇ ಕಾಯುತ್ತಿದ್ದಳು. ನಮ್ಮ ಹೊಲ ಸೋಲಾರ್ ಪಾರ್ಕಿಗೆ ಹೋಗಿ, ರಾಗಿ ಬೆಳೆಯುತ್ತಿದ್ದ ಕಡೆ ಈಗ ಗಾಜಿನ ಹಲಗೆಗಳು ಬೆಳೆದು ನಿಂತಿವೆ. "ನಾವು ಸೂರ್ಯನ್ನೇ ಬಾಡಿಗೆಗೆ ಬುಟ್ಟೋರು ಕಣೇ ಪಾಪ. ಉರಿಯೋ ಸೂರ್ಯ ಅನ್ನ ಹಾಕ್ತಾನೆ. ಆ ಸತ್ತೋಗಿರೋ ಚುಕ್ಕಿ ನಿಂಗೇಮಿ ಹಾಕ್ತದೆ? ಸಾಕು ಬಾ, ಮೇಷ್ಟ್ರಿಗೆ ಹೇಳಿವ್ನಿ, ಒಳ್ಳೆ ಗಂಡು ನೋಡ್ತಾರೆ" ಎಂದು ಫೋನಿನಲ್ಲಿ ಕೂಗಿದಳು.

ಮೇಷ್ಟ್ರ ಹತ್ತಿರ ನಾನು ಹೋದದ್ದು ಜಗಳಕ್ಕೆ. ನನಗೆ ಗಂಡು ಹುಡುಕುವುದಕ್ಕೆ ನಿಮಗೆ ಯಾರು ಹೇಳಿದರು ಎಂದು ಕೇಳುವುದಕ್ಕೆ. ಸ್ಟಾಫ್ ರೂಮಿನಲ್ಲಿ ಅವರು ಎರಡು ಜಾತಕ ಮುಂದಿಟ್ಟುಕೊಂಡು ಬನ್ನು ತಿನ್ನುತ್ತಿದ್ದರು. ಕೂಗಾಡಿದೆ, ಅತ್ತುಬಿಟ್ಟೆ, ಇಬ್ಬರು ಗೈಡುಗಳ ಕಥೆಯನ್ನೆಲ್ಲ ಹೇಳಿದೆ. ಅವರು ಬನ್ನು ಮುಗಿಸಿದರು.

"ಇಬ್ರೂ ಮಾತು ಬುಟ್ಟು ಎಷ್ಟ್ ವರ್ಸಾಯ್ತು?"

"ನಾನು ಸೇರೋಕೆ ಮುಂಚೆಯಿಂದ ಸಾರ್."

"ಇಬ್ರಿಗೂ ಜಂಬ ಐತಾ?"

"ತುಂಬಾ."

"ಸರಿ ಬುಡು. ಜಂಬ ಇರೋರ್ನ ಕರೆಯದು ಸುಲಭ. ನಿನ್ ಗಂಡು ಆಮೇಲೆ ನೋಡಣ, ಮೊದ್ಲು ಇವರಿಬ್ರಿಗೂ ಮಾಡ್ಬುಡಣ."

"ಏನು ಮಾಡೋದು ಸಾರ್?"

"ಅದೇ ಕಣಮ್ಮ, ಮಾತುಕತೆ."

ಹೀಗೆ ನಮ್ಮ ಜಿಲ್ಲೆಯ ಈ ಮೂಲೆಯಲ್ಲಿ ನ್ಯೂಟ್ರಾನ್ ನಕ್ಷತ್ರಗಳ ಕುರಿತ ಎರಡು ದಿನದ ವಿಚಾರ ಸಂಕಿರಣ ಹುಟ್ಟಿತು. ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ ಮೇಷ್ಟ್ರು ಆಹ್ವಾನಿಸುವಾಗ ಮಾತ್ರ ತಲೆಗೊಂದು ಸುಳ್ಳು ಹೇಳಿದರು. ಗೈಡಿಗೆ ಫೋನು ಮಾಡಿ, "ತಾವು ಬಂದ್ರೆ ಮಾತ್ರ ಬತ್ತೀನಿ ಅಂತಾವ್ರೆ ಅವರು" ಎಂದರು. ಕೋ-ಗೈಡಿಗೂ ಅದನ್ನೇ ಹೇಳಿದರು. ಇಬ್ಬರೂ ಒಂದು ದಿನ ಬಿಗಿದುಕೊಂಡಿದ್ದು, ಮರುದಿನ ಬರುತ್ತೇವೆಂದರು. ಜೊತೆಗೆ ತಮ್ಮ ತಮ್ಮ ಕಡೆಯ ಪಂಡಿತರನ್ನೂ ಕರೆತರುತ್ತೇವೆಂದರು, ಜಗಳಕ್ಕೆ ಜನ ಕಟ್ಟಿಕೊಂಡು ಹೊರಡುವವರ ಹಾಗೆ.

ಬಂದವರನ್ನು ಮಲಗಿಸಲು ಕಾಲೇಜಿನಲ್ಲಿ ಜಾಗವಿಲ್ಲ. ಆದರೆ ಅದು ಆಷಾಢ. ಮದುವೆಗಳಿಲ್ಲದೆ ಊರಿನ ಕಲ್ಯಾಣ ಮಂಟಪ ಖಾಲಿ ಬಿದ್ದಿತ್ತು. ಅದರ ಮಾಲೀಕರ ಮಗಳಿಗೆ ಸಂಬಂಧ ಕುದುರಿಸಿದವರು ಮೇಷ್ಟ್ರೇ. ಮಂಟಪ ಪುಕ್ಕಟೆ ಸಿಕ್ಕಿತು. ಬಾಗಿಲಲ್ಲಿ ಫ್ಲೆಕ್ಸು ಎದ್ದಿತು. ಅದರಲ್ಲಿ ನಕ್ಷತ್ರದ ಚಿತ್ರ ಸಣ್ಣದು, ಮೇಷ್ಟ್ರ ಚಿತ್ರ ದೊಡ್ಡದು, ಹೆಸರಿನ ಹಿಂದೆ 'ಡಾ.' ಇನ್ನೂ ದೊಡ್ಡದು.

ಆದರೆ ಮಂಟಪದ ಮ್ಯಾನೇಜರಿಗೆ ಮದುವೆ ಬಿಟ್ಟು ಬೇರೆ ಏನೂ ಗೊತ್ತಿಲ್ಲ. ವೀಕ್ಷಣೆಯವರು ಹೇಳಿದ ಹೊತ್ತಿಗೆ ಮೊದಲೇ ಬಂದು ಇಳಿದರು. ದೂರದರ್ಶಕ ಯಾರಿಗೂ ಕಾಯುವುದಿಲ್ಲವಾದ್ದರಿಂದ ಅದು ಅವರಿಗೆ ಅಭ್ಯಾಸ. ಮ್ಯಾನೇಜರ ಅನುಭವದಲ್ಲಿ ಮೊದಲು ಬಂದು ಪಾತ್ರೆ ಪರಡಿ ನೋಡಿಕೊಳ್ಳುವವರು ಹೆಣ್ಣಿನ ಕಡೆಯವರು. ಅವರನ್ನು ಕರೆದೊಯ್ದು ವಧುವಿನ ಕಡೆಯ ಕೋಣೆಗಳಲ್ಲಿ ಇಳಿಸಿದ. ಗೋಡೆ ತುಂಬ ಕನ್ನಡಿ, ಕನ್ನಡಿ ತುಂಬ ಹಳೆಯ ಬಿಂದಿಗಳು. ಸಿದ್ಧಾಂತದವರು ಸಾವಕಾಶವಾಗಿ ಊಟದ ಹೊತ್ತಿಗೆ ಬಂದರು. ತಡವಾಗಿ ಬರುವವರು ಗಂಡಿನ ಕಡೆಯವರಲ್ಲದೆ ಇನ್ಯಾರು? ಬಾಗಿಲಲ್ಲೇ ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ಕೊಟ್ಟು, ಬಿಸಿನೀರಿರುವ ಕೋಣೆ ತೋರಿಸಿ, ಮೊದಲ ಪಂಕ್ತಿಗೆ ಕೂರಿಸಿದ. "ಬೀಗರಿಗೆ ಇನ್ನೊಂಚೂರು ಪಾಯಸ!" ಎಂದು ಅಡುಗೆಯವರಿಗೆ ಕೂಗಿದ.

ನನ್ನ ಕೋ-ಗೈಡು ಎರಡನೇ ಪಂಕ್ತಿಗಾಗಿ ಬಾಗಿಲಲ್ಲಿ ನಿಂತಿದ್ದರು. "ಇದೇನಿದು? ನಾವು ಹೆಣ್ಣಿನ ಕಡೆಯವರಾ?" ಎಂದು ಕೇಳಿದರು. ಸಾವಿರಾರು ಜ್ಯೋತಿರ್ವರ್ಷ ದೂರದ ಮಿಣುಕನ್ನು ಹಿಡಿಯುವ ಮನುಷ್ಯನಿಗೆ ಆಗಿದ್ದ ಆಘಾತ ಏನೆಂದರೆ ಹೆಣ್ಣಿನ ಕಡೆಯವರು ಎನಿಸಿಕೊಂಡದ್ದು. ಆ ಗುಂಪಿನಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ನನಗೆ ಯಾವ ಪಂಕ್ತಿ ಎಂದು ಯಾರೂ ಕೇಳಲಿಲ್ಲ. ಕೋ-ಗೈಡು ಚೀಲ ತೆಗೆದುಕೊಂಡು ಕಾರಿಗೆ ಹೇಳಿಕಳಿಸಿದರು. ಆ ಕಾರು ಹೊರಟರೆ ಅದರ ಹಿಂದೆಯೇ ನನ್ನ ಪ್ರಬಂಧವೂ ಹೊರಟ ಹಾಗೆ.

ಮೇಷ್ಟ್ರು ಅವಸರ ಮಾಡದೆ ಬಂದರು. ಕೈಯಲ್ಲಿ ಎಲೆಅಡಿಕೆ.

"ಹೊರಟ್ರಾ ಸಾರ್? ಹೋಗ್ಬರ್ರಿ. ಆದ್ರೆ ಒಂದ್ಮಾತು. ಗಂಡಿನ ಕಡೆಯೋರು ಎದ್ದೋದ್ರೆ ಒಂದು ಬಾಳೆಎಲೆ ಉಳೀತದೆ ಅಷ್ಟೆ. ಹೆಣ್ಣಿನ ಕಡೆಯೋರು ಎದ್ದೋದ್ರೆ ಮದುವೇನೇ ನಿಂತೋಯ್ತದೆ. ಅವರತ್ರ ಏನೈತೆ ಸಾರ್, ಬರೀ ಜರ್ಬು. ನಕ್ಷತ್ರ ಇರೋದು ನಿಮ್ಮನೇಲಿ."

ಕೋ-ಗೈಡು ಚೀಲ ಕೆಳಗಿಟ್ಟರು. ಎರಡನೇ ಪಂಕ್ತಿಯಲ್ಲಿ ಕೂತು, ಗಂಡಿನ ಕಡೆಯವರಿಗಿಂತ ಎರಡು ಒಬ್ಬಟ್ಟು ಹೆಚ್ಚು ತಿಂದರು. ಫ್ಲೆಕ್ಸ್ ಕಡೆ ನೋಡಿ, "ನಿಮ್ಮ ಡಾಕ್ಟರೇಟು ಯಾವ ವಿಷಯದ ಮೇಲೆ?" ಎಂದು ಸೇಡು ತೀರಿಸಿಕೊಂಡರು.

"ಅದು ಫ್ಲೆಕ್ಸ್ ಮಾಡೋನು ಕೊಟ್ಟಿದ್ದು ಸಾರ್" ಎಂದರು ಮೇಷ್ಟ್ರು.

ಮಧ್ಯಾಹ್ನದ ಗೋಷ್ಠಿ ನಡೆದದ್ದು ವಧೂವರರನ್ನು ಕೂರಿಸುವ ವೇದಿಕೆಯ ಮೇಲೆ, ಪ್ಲಾಸ್ಟಿಕ್ ಹೂವಿನ ಕಮಾನಿನ ಕೆಳಗೆ. ಎರಡು ಕಡೆಯವರೂ ಎರಡು ಸಾಲು. ಇಬ್ಬರೂ ತಮ್ಮ ತಮ್ಮ ಉದ್ದದ ಭಾಷಣ ಕಂಪ್ಯೂಟರಿನಲ್ಲಿ ಹೊತ್ತು ತಂದಿದ್ದರು. ಮೇಷ್ಟ್ರು ಪ್ರೊಜೆಕ್ಟರಿನ ವೈರು ಕಿತ್ತು ಕೈಯಲ್ಲಿ ಸುತ್ತಿಕೊಂಡರು.

"ನಮ್ ಕಡೆ ಒಂದು ಪದ್ಧತಿ ಐತೆ" ಎಂದರು. ಅದು ಅವರೊಬ್ಬರ ಪದ್ಧತಿ. "ಮೊದ್ಲು ಅವರವರ ಐಬು ಅವರವರೇ ಹೇಳ್ಬೇಕು. ಎದುರುಗಡೆಯೋರ್ದಲ್ಲ, ತಮ್ದು. ಒಳ್ಳೇದು ಆಮ್ಯಾಕೆ. ನಾನೇ ಶುರು ಮಾಡ್ತೀನಿ. ನಂಗೆ ಗಣಿತ ಬರಲ್ಲ. ನೀವು ಮಾತಾಡೋದ್ರಲ್ಲಿ ಅರ್ಧ ನಂಗೆ ತಿಳಿಯಲ್ಲ. ತಿಳೀದೆ ಹೋದ್ರೂ ಮೂವತ್ತು ವರ್ಸದಿಂದ ಪಾಠ ಮಾಡ್ಕೊಂಡು ಸಂಬಳ ತಗಂಡಿವ್ನಿ. ಮುಂದಿನೋರು?"

ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು. ಮೇಷ್ಟ್ರು ಎಲೆಗೆ ಸುಣ್ಣ ಸವರುತ್ತ ಕಾದರು. ಮಾತುಕತೆಗೆ ಕೂತ ಮನೆಗಳಲ್ಲಿ ಇಂಥ ಮೌನ ಎಷ್ಟನ್ನು ಕಂಡಿದ್ದರೋ.

ಕೊನೆಗೆ ನನ್ನ ಗೈಡು ಗಂಟಲು ಸರಿಮಾಡಿಕೊಂಡರು. "ನೋಡಿ, ಒಂದು ಆಳದ ತನಕ ನಮ್ಮ ಲೆಕ್ಕ ಭದ್ರವಾಗಿದೆ. ಅದಕ್ಕಿಂತ ಒಳಗೆ... ದ್ರವ್ಯ ಅಷ್ಟು ಒತ್ತಡದಲ್ಲಿ ಹೇಗಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿ ನಾವು ಮಾಡೋದು ಊಹೆ."

"ಊಹೆ" ಎಂದು ಕೋ-ಗೈಡು ಸವಿದು ಹೇಳಿದರು.

"ನಿಮ್ದು ಸಾರ್" ಎಂದರು ಮೇಷ್ಟ್ರು.

ಕೋ-ಗೈಡು ಕುರ್ಚಿಯಲ್ಲಿ ಹೊರಳಿದರು. "ನಮ್ಮದರಲ್ಲಿ ಅಂಥದ್ದೇನಿಲ್ಲ. ಅಂದ್ರೆ... ಆ ನಕ್ಷತ್ರ ಎಷ್ಟು ದೂರದಲ್ಲಿದೆ ಅನ್ನೋದು ಸ್ವಲ್ಪ ಅನುಮಾನ. ದೂರ ತಪ್ಪಿದ್ರೆ ಗಾತ್ರವೂ ತಪ್ಪುತ್ತೆ. ಅದನ್ನ ನಾವು ಪೇಪರಿನಲ್ಲಿ ಅಡಿಟಿಪ್ಪಣಿಯಲ್ಲಿ ಹಾಕಿದ್ದೀವಿ."

"ಸಣ್ಣಕ್ಷರದಲ್ಲಿ" ಎಂದರು ಗೈಡು.

"ಎಷ್ಟಪ್ಪ ಅನುಮಾನ? ಅದನ್ನ ಹೇಳಿ. ಹುಡುಗಿ ಬರ್ಕೊಳ್ಳಲಿ" ಎಂದು ಮೇಷ್ಟ್ರು ನನ್ನ ಕೈಗೆ ಚಾಕ್‌ಪೀಸು ಕೊಟ್ಟರು.

ಮುಹೂರ್ತ ಬರೆಯುವ ಕರಿಹಲಗೆಯ ಮೇಲೆ ನಾನು ಎರಡು ಗೀಟು ಎಳೆದೆ. ಕೊರಟಗೆರೆಗೆ ಮೊದಲು ನಿಲ್ಲುವುದು ಗೈಡಿನದು; ದಾಟಿ ಹೋಗುವುದು ಕೋ-ಗೈಡಿನದು. ಒಬ್ಬೊಬ್ಬರು ಒಂದೊಂದು ಐಬು ಒಪ್ಪಿಕೊಂಡಂತೆ ಆ ಗೀಟಿನ ತುದಿಯನ್ನು ಅಷ್ಟಷ್ಟು ಅಗಲ ಮಾಡಿದೆ. ಒಳಗಿನ ಒತ್ತಡದ ಊಹೆ ಇಷ್ಟು. ದೂರದ ಅನುಮಾನ ಇಷ್ಟು. ನಕ್ಷತ್ರದ ಮೈಮೇಲಿನ ತೆಳು ಹೊದಿಕೆ ಯಾವ ಅನಿಲದ್ದೆಂಬ ಗುಮಾನಿ ಇಷ್ಟು. ಆಮೇಲೆ ಇಬ್ಬರಿಗೂ ಹುರುಪು ಬಂತು. ನನ್ನ ಐಬು ನಿನ್ನದಕ್ಕಿಂತ ದೊಡ್ಡದು ಎಂದು ಸ್ಪರ್ಧೆಗೇ ಬಿದ್ದರು. ಜಂಬಕ್ಕೆ ಇಂಥದ್ದೇ ವಸ್ತು ಬೇಕೆಂದೇನಿಲ್ಲ. ಕಾಫಿ ಬರುವ ಹೊತ್ತಿಗೆ ಎರಡು ಗೀಟುಗಳ ಅಗಲವಾದ ತುದಿಗಳೂ ಒಂದರ ಮೇಲೊಂದು ಬಂದು ಕೂತಿದ್ದವು. ಹೆಚ್ಚುಕಡಿಮೆ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲೇ.

ಇಬ್ಬರ ಅಳತೆಗಳೂ ಜಗಳವಾಡಿರಲೇ ಇಲ್ಲ. ಜಗಳವಾಡಿದ್ದು ಅಳತೆಗಾರರು. ಇಷ್ಟೂ ನನ್ನ ಅಧ್ಯಾಯ. ಯಾವುದನ್ನು ಸರಿಯಾಗಿ ಅಳೆದರೆ ಆ ಅಗಲದ ತುದಿಗಳು ಸಣ್ಣವಾಗುತ್ತವೆ ಎನ್ನುವುದನ್ನು ಲೆಕ್ಕ ಹಾಕಿ ತೋರಿಸಿದ್ದು ಆಮೇಲಿನ ನನ್ನ ಕೆಲಸ. ಅದರಲ್ಲಿ ಯಾರ ಪಾಲೂ ಇಲ್ಲ, ಅದಕ್ಕೂ ನನಗೆ ಜಂಬವಿದೆ. ಇಬ್ಬರೂ ಸಹಿ ಹಾಕಿದರು. ಮರುವಾರವೇ ಆ ಅಧ್ಯಾಯದಿಂದ ಮಾಡಿದ ಲೇಖನದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಹೊಸ ಜಗಳ ಶುರು ಮಾಡಿದರು.

ಲೇಖನದ ಕೊನೆಯಲ್ಲಿ ಮೇಷ್ಟ್ರಿಗೆ ಒಂದು ಸಾಲಿನ ಕೃತಜ್ಞತೆ ಸೇರಿಸಿದ್ದೆ. "ಅವರ ಕೊಡುಗೆ ವೈಜ್ಞಾನಿಕವಲ್ಲ" ಎಂದು ಗೈಡು ಹೊಡೆದುಹಾಕಿದರು. ಕೋ-ಗೈಡೂ ತಲೆಯಾಡಿಸಿದರು. ಈ ಸಲ ಯಾರೂ ಕೂರಿಸದೆಯೇ ಒಪ್ಪಿದ್ದರು. ಬೀಳ್ಕೊಡುಗೆಯ ವೇದಿಕೆಯಲ್ಲೂ ಈ ಸಂಗತಿ ಯಾರ ಬಾಯಲ್ಲೂ ಬರಲಿಲ್ಲ. ಇಲ್ಲದ ಗಣಿತವನ್ನು ಹೊಗಳುವುದು ಅವರಿಗೆ ಸುಲಭ. ಕಲ್ಯಾಣ ಮಂಟಪದಲ್ಲಿ ವಿಜ್ಞಾನ ನಡೆಯಿತೆಂದು ಒಪ್ಪಿಕೊಳ್ಳುವುದು ಕಷ್ಟ.

ಘಟಿಕೋತ್ಸವಕ್ಕೆ ನಾನು ಮನೆಯವರನ್ನು ಕರೆದಿದ್ದೆ. ಮೇಷ್ಟ್ರನ್ನು ಕರೆಯುವ ಮೊದಲೇ ಅವರು ಬಂದಿದ್ದರು, ರೇಷ್ಮೆ ಶಾಲು ಹೊದ್ದು, ನನ್ನ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ. ವೇದಿಕೆಯ ಮೇಲಿನವರು ನನ್ನ ಕೈಗೆ ಪ್ರಮಾಣಪತ್ರ ಕೊಟ್ಟು, ಫೋಟೊದವನ ಕಡೆ ನಕ್ಕು, ಮುಂದಿನವರ ಹೆಸರು ಕರೆದರು. ಹೊರಗೆ ಹೊಂಗೆ ಮರದ ಕೆಳಗೆ ಎಲ್ಲರೂ ಸುತ್ತುಗಟ್ಟಿದರು. "ಎಲ್ಲಿ, ಕೊಡಮ್ಮ" ಎಂದು ಮೇಷ್ಟ್ರು ಮೊದಲು ಕೈ ಚಾಚಿದರು.

ಕನ್ನಡಕ ಏರಿಸಿ ಓದಿದರು. ನನ್ನ ಹೆಸರು, ವಿಷಯ, ಮೊಹರು, ಕೆಳಗಿನ ಸಹಿಗಳು. ಮುಗಿಯಿತು ಎಂದುಕೊಂಡರೆ ಮತ್ತೆ ಮೇಲಿನಿಂದ ಶುರು ಮಾಡಿದರು. ಹೆಬ್ಬೆರಳು 'ಡಾಕ್ಟರ್' ಎಂಬ ಅಕ್ಷರಗಳ ಹತ್ತಿರ ನಿಂತಿತ್ತು, ಮುಟ್ಟಿರಲಿಲ್ಲ. ಅಪ್ಪ ಅಮ್ಮ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಅಜ್ಜಿ ಸೆರಗಿಗೆ ಎರಡೂ ಕೈ ಒರೆಸಿಕೊಂಡು ಮುಂದೆ ಬಂದಳು.

"ಇಂಕ ಚಾಲು, ಓದಿದ್ದು ಸಾಕು ಮೇಷ್ಟ್ರೇ, ಇತ್ಲಾಗೆ ತನ್ನಿ" ಎಂದಳು. "ಅದು ನಮ್ಮುಡುಗೀದು."